ಆಕಾಶದ ಕಣಕ್ಕಾಗಿ ಪಾತಾಳಕ್ಕೆ ಇಳಿದವರು

ಅಂಗೈಯನ್ನು ಆಕಾಶದತ್ತ ಚಾಚಿ, ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸಿ. ಎಣಿಕೆಗೆ ಹೆಚ್ಚುಕಡಿಮೆ ಒಂದರಂತೆ ಕಣ್ಣಿಗೆ ಕಾಣದ ಕಣಗಳು ನಿಮ್ಮ ಅಂಗೈಯನ್ನು ತೂರಿಕೊಂಡು ಹೋಗಿರುತ್ತವೆ. ನೋವಿಲ್ಲ, ಗಾಯವಿಲ್ಲ. ಇವುಗಳ ಹೆಸರು ಮ್ಯೂಯಾನ್. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಇವು ಹುಟ್ಟುತ್ತವೆ.

ಹೀಗೆ ಹುಟ್ಟುವ ಇನ್ನೊಂದು ಕಣ ನ್ಯೂಟ್ರಿನೊ. ಇದು ಬಲು ಸಂಕೋಚದ ಕಣ, ಯಾರ ಗೋಜಿಗೂ ಹೋಗುವುದಿಲ್ಲ. ಗೋಡೆ, ಬೆಟ್ಟ, ಕೊನೆಗೆ ಇಡೀ ಭೂಮಿಯನ್ನೇ ದಾಟಿ ಸುಮ್ಮನೆ ಆಚೆ ಹೋಗಿಬಿಡುತ್ತದೆ. ಇಂಥದೊಂದು ಕಣ ಇರಬೇಕೆಂದು 1930ರಲ್ಲಿ ವುಲ್ಫ್‌ಗ್ಯಾಂಗ್ ಪೌಲಿ ಊಹಿಸಿದರು. 1956ರಲ್ಲಿ ಅಮೆರಿಕದ ವಿಜ್ಞಾನಿಗಳು ಪರಮಾಣು ರಿಯಾಕ್ಟರ್‌ನಿಂದ ಬರುವ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದರು. ಆದರೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ನೆಲದ ಮೇಲೆ ಮ್ಯೂಯಾನ್‌ಗಳದೇ ಗದ್ದಲ. ಜಾತ್ರೆಯ ತಮಟೆ ಸದ್ದಿನಲ್ಲಿ ಪಿಸುಮಾತು ಕೇಳಿಸೀತೇ?

ಗದ್ದಲ ಅಡಗಬೇಕಾದರೆ ತಲೆಯ ಮೇಲೆ ದಪ್ಪನೆಯ ಬಂಡೆ ಬೇಕು. ಅಂಥ ಜಾಗ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿತ್ತು. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೆಜಿಎಫ್ ಆಗ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು.

ಸೊನ್ನೆಯೇ ಉತ್ತರ

1950ರ ದಶಕದ ಆರಂಭದಲ್ಲೇ ಹೋಮಿ ಭಾಭಾ ಅವರ ಮುಂಬೈ ಸಂಸ್ಥೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣರು ಉಪಕರಣಗಳೊಂದಿಗೆ ಇಲ್ಲಿಗೆ ಬಂದಿದ್ದರು. ಅವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಒಬ್ಬರು. ಎಷ್ಟು ಆಳಕ್ಕೆ ಎಷ್ಟು ಮ್ಯೂಯಾನ್ ತಲುಪುತ್ತವೆ ಎಂದು ಅಳೆಯುವುದು ಅವರ ಕೆಲಸ. ಕೆಳಗಿಳಿದಷ್ಟೂ ಲೆಕ್ಕ ಕಡಿಮೆಯಾಗುತ್ತಾ ಹೋಯಿತು.

1960ರ ದಶಕದಲ್ಲಿ ಉಪಕರಣವನ್ನು ಎರಡೂವರೆ ಕಿಲೋಮೀಟರ್‌ಗೂ ಕೆಳಗೆ ಇಳಿಸಲಾಯಿತು. ಅಲ್ಲಿ ಬಂಡೆಯೇ ಬಿಸಿ, ಸುತ್ತ ಕಗ್ಗತ್ತಲು. ವಾರಗಟ್ಟಲೆ ಕಾದರೂ ಒಂದೇ ಒಂದು ಮ್ಯೂಯಾನ್ ದಾಖಲಾಗಲಿಲ್ಲ. ಲೆಕ್ಕ ಸೊನ್ನೆ!

ಇಷ್ಟು ಶ್ರಮಪಟ್ಟು ಸೊನ್ನೆ ಬಂದರೆ ಯಾರಿಗಾದರೂ ಬೇಸರವಾದೀತು. ವಿಜ್ಞಾನಿಗಳಿಗೆ ಅದೇ ಒಳ್ಳೆಯ ಸುದ್ದಿಯಾಯಿತು. ತಮಟೆಯ ಸದ್ದು ನಿಂತಿದೆ. ಇನ್ನು ಪಿಸುಮಾತು ಕೇಳಬಹುದು.

ನ್ಯೂಟ್ರಿನೊ ತಾನಾಗಿ ಗುರುತು ಬಿಡುವುದಿಲ್ಲ. ಆದರೆ ಕೋಟಿ ಕೋಟಿಗಳಲ್ಲಿ ಯಾವುದೋ ಒಂದು ಬಂಡೆಯೊಳಗಿನ ಪರಮಾಣುವಿಗೆ ಡಿಕ್ಕಿ ಹೊಡೆದರೆ, ಅಲ್ಲೇ ಹೊಸ ಮ್ಯೂಯಾನ್ ಒಂದು ಹುಟ್ಟಬಹುದು. ಮೇಲಿನಿಂದ ಬಂದ ಮ್ಯೂಯಾನ್ ಯಾವುದು, ನ್ಯೂಟ್ರಿನೊದಿಂದ ಹುಟ್ಟಿದ್ದು ಯಾವುದು? ದಿಕ್ಕು ನೋಡಿದರೆ ತಿಳಿಯುತ್ತದೆ. ಭೂಮಿಯನ್ನು ಅಡ್ಡಲಾಗಿ ಕೊರೆದುಕೊಂಡು ಅಷ್ಟು ದೂರ ಬರುವುದು ಸಾಮಾನ್ಯ ಮ್ಯೂಯಾನ್‌ಗೆ ಸಾಧ್ಯವಿಲ್ಲ. ಪಕ್ಕದಿಂದ ಬಂದಿದ್ದರೆ ಅದು ನ್ಯೂಟ್ರಿನೊದ ಕೂಸು.

ಹಾಗಾಗಿ ಸುಮಾರು 2.3 ಕಿಲೋಮೀಟರ್ ಆಳದ ಸುರಂಗದಲ್ಲಿ ಉಪಕರಣಗಳನ್ನು ಎರಡು ಗೋಡೆಗಳಂತೆ ಎದುರುಬದುರು ನಿಲ್ಲಿಸಿದರು. ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳು, ಅದರ ಜಾಡು ತೋರಿಸುವ ನಿಯಾನ್ ಕೊಳವೆಗಳು ಅದರಲ್ಲಿದ್ದವು. ಮುಂಬೈ ತಂಡದ ಜೊತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳೂ ಕೈಜೋಡಿಸಿದ್ದವು. 1965ರಲ್ಲಿ ಅಂಥ ಅಡ್ಡ ಜಾಡು ಸಿಕ್ಕೇಬಿಟ್ಟಿತು! ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಇನ್ನೊಂದು ತಂಡಕ್ಕೆ ಇಂಥದೇ ಸುಳಿವು ದೊರೆಯಿತು. ಎರಡೂ ತಂಡಗಳ ವರದಿ ಆಗಸ್ಟ್ ತಿಂಗಳಲ್ಲೇ ಪ್ರಕಟವಾಯಿತು.

ಗಣಿ ಮುಚ್ಚಿತು, ದಾರಿ ಉಳಿಯಿತು

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ನೆಲದಾಳದಲ್ಲಿ ಕುಳಿತು ಆಕಾಶದ ಕಣಕ್ಕೆ ಕಾಯುವ ಕೆಲಸ ನಿಲ್ಲಲಿಲ್ಲ. ಜಪಾನಿನ ಕಾಮಿಯೋಕಾ ಗಣಿಯ ಬೃಹತ್ ನೀರಿನ ತೊಟ್ಟಿಯಲ್ಲಿ ಇದೇ ವಾತಾವರಣದ ನ್ಯೂಟ್ರಿನೊಗಳನ್ನು ಗಮನಿಸಿದ ವಿಜ್ಞಾನಿಗಳು, ಅವು ದಾರಿಯಲ್ಲಿ ರೂಪ ಬದಲಿಸುತ್ತವೆ ಎಂದು 1998ರಲ್ಲಿ ತೋರಿಸಿದರು. ಹಾಗೆ ಬದಲಾಗಬೇಕಾದರೆ ನ್ಯೂಟ್ರಿನೊಗೆ ಅತ್ಯಲ್ಪವಾದರೂ ದ್ರವ್ಯರಾಶಿ ಇರಲೇಬೇಕು. ಈ ಸಾಧನೆಗೆ ತಕಾಕಿ ಕಾಜಿತ ಅವರಿಗೆ 2015ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು.

ಅಜ್ಜ ಅಜ್ಜಿಯರೇ, ಕೋಲಾರದ ಚಿನ್ನದ ಕಥೆಯನ್ನು ನೀವು ಮೊಮ್ಮಕ್ಕಳಿಗೆ ಹೇಳಿಯೇ ಇರುತ್ತೀರಿ. ಇನ್ನು ಮುಂದೆ ಈ ಕಥೆಯನ್ನೂ ಸೇರಿಸಿ ಹೇಳಿ. ಮಕ್ಕಳೇ, ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಎಂದಾದರೂ ಉತ್ತರ ಸೊನ್ನೆ ಬಂದರೆ, ರಬ್ಬರ್ ತೆಗೆದುಕೊಂಡು ಅಳಿಸಬೇಡಿ. ಅದು ಏನು ಹೇಳುತ್ತಿದೆ ಎಂದು ಮೊದಲು ಕೇಳಿಸಿಕೊಳ್ಳಿ.