ಗಣಕದ ಕಾರ್ಯಾಚರಣಾ ವ್ಯವಸ್ಥೆ: ಆಯ್ಕೆ ಮತ್ತು ಅಭ್ಯಾಸ

ಗಣಕಯಂತ್ರದ ಮುಂದೆ ಕುಳಿತವರ ಗಮನವೆಲ್ಲ ತಾವು ಬರೆಯುವ ಲೇಖನದ ಮೇಲೋ ಓದುವ ಪುಟದ ಮೇಲೋ ಇರುತ್ತದೆ. ಅದನ್ನು ಸಾಧ್ಯವಾಗಿಸುವ ವ್ಯವಸ್ಥೆ ಕಣ್ಣಿಗೆ ಬೀಳುವುದು ಕಡಿಮೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ತಲುಪಿಸುವುದು, ಕಡತವನ್ನು ಉಳಿಸಿ ಮತ್ತೆ ಹುಡುಕಿಕೊಡುವುದು, ಮುದ್ರಣಯಂತ್ರಕ್ಕೆ ಆಜ್ಞೆ ನೀಡುವುದು, ಏಕಕಾಲಕ್ಕೆ ನಡೆಯುವ ಹಲವು ತಂತ್ರಾಂಶಗಳಿಗೆ ಯಂತ್ರದ ಶಕ್ತಿಯನ್ನು ಹಂಚುವುದು ಇವೆಲ್ಲ ಆಪರೇಟಿಂಗ್ ಸಿಸ್ಟಮ್ ಎನಿಸಿಕೊಂಡ ಕಾರ್ಯಾಚರಣಾ ವ್ಯವಸ್ಥೆಯ ಕೆಲಸ. ಕಳೆದ ನಾಲ್ಕು ದಶಕಗಳಲ್ಲಿ ಈ ವ್ಯವಸ್ಥೆ ಹೇಗೆ ಬೆಳೆಯಿತು, ಬಳಕೆದಾರರು ಒಂದನ್ನು ಒಪ್ಪಿ ಮತ್ತೊಂದನ್ನು ದೂರವಿಟ್ಟುದೇಕೆ ಎಂಬುದನ್ನು ವಿಚಾರಿಸಿದರೆ ಕನ್ನಡದಲ್ಲಿ ಬರೆಯುವವರೆಲ್ಲ ತಿಳಿದಿರಬೇಕಾದ ಒಂದು ಸಂಗತಿ ಹೊರಬೀಳುತ್ತದೆ.

1981ರಲ್ಲಿ ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರೊಂದಿಗೆ ಬಂದುದು ಮೈಕ್ರೋಸಾಫ್ಟ್ ಒದಗಿಸಿದ ಡಾಸ್. ಕಪ್ಪು ಪರದೆಯ ಮೇಲೆ ಮಿನುಗುವ ಒಂದು ಗುರುತು. ಅದರ ಮುಂದೆ ಬಳಕೆದಾರನೇ ಆಜ್ಞೆಯನ್ನು ತಪ್ಪಿಲ್ಲದೆ ಬೆರಳಚ್ಚಿಸಬೇಕು. ಒಂದಕ್ಷರ ತಪ್ಪಿದರೂ ಯಂತ್ರ ಒಪ್ಪದು. ಆಜ್ಞೆಗಳನ್ನು ಕಂಠಪಾಠ ಮಾಡಿದವರಿಗಷ್ಟೇ ಗಣಕ ವಶವಾಗುತ್ತಿತ್ತು.

ಇದಕ್ಕಿಂತ ಭಿನ್ನವಾದ ದಾರಿಯನ್ನು 1970ರ ದಶಕದಲ್ಲಿಯೇ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನ ಕೇಂದ್ರವು ತೋರಿಸಿತ್ತು. ಪರದೆಯ ಮೇಲೆ ಕಿಟಕಿಗಳು, ಚಿತ್ರಸಂಕೇತಗಳು, ಅವುಗಳನ್ನು ಮುಟ್ಟಿ ತೋರಲು ಮೌಸ್ ಎಂಬ ಈ ಕಲ್ಪನೆಯನ್ನು ಜನಸಾಮಾನ್ಯರ ಮೇಜಿಗೆ ತಂದುದು 1984ರ ಆಪಲ್ ಮೆಕಿಂಟಾಷ್. ಮರುವರ್ಷ ಮೈಕ್ರೋಸಾಫ್ಟಿನ ವಿಂಡೋಸ್ ಬಂದಿತು. 1990ರ ವಿಂಡೋಸ್ 3.0 ಜನಪ್ರಿಯವಾಯಿತು, 1995ರ ವಿಂಡೋಸ್ 95 ಇಂದಿಗೂ ನಮಗೆ ಪರಿಚಿತವಾದ ಸ್ಟಾರ್ಟ್ ಗುಂಡಿಯನ್ನೂ ಅದರ ಪಕ್ಕದ ಪಟ್ಟಿಯನ್ನೂ ರೂಢಿಗೆ ತಂದಿತು.

ಮೆಕಿಂಟಾಷ್ ಮೊದಲೇ ಬಂದಿದ್ದರೂ ವಿಂಡೋಸ್ ಹೆಚ್ಚು ಹರಡಿದ್ದು ಏಕೆ? ಆಪಲ್ ತನ್ನ ವ್ಯವಸ್ಥೆಯನ್ನು ಬಹುಮಟ್ಟಿಗೆ ತಾನೇ ತಯಾರಿಸಿದ ಯಂತ್ರಗಳಿಗೆ ಮೀಸಲಿಟ್ಟಿತು. ವಿಂಡೋಸ್ ಹಲವು ತಯಾರಕರ ಅಗ್ಗದ ಯಂತ್ರಗಳಲ್ಲಿ ಓಡುತ್ತಿತ್ತು. ಡಾಸ್‌ಗಾಗಿ ಬರೆದ ಹಳೆಯ ತಂತ್ರಾಂಶಗಳನ್ನೂ ನಡೆಸುತ್ತಿತ್ತು. ಅಂಗಡಿಯಿಂದ ಯಂತ್ರ ಬರುವಾಗಲೇ ಅದರೊಳಗೆ ಕುಳಿತಿರುತ್ತಿತ್ತು. ಹೆಚ್ಚಿನವರು ವಿಂಡೋಸನ್ನು ಆರಿಸಿಕೊಂಡರೆನ್ನುವುದಕ್ಕಿಂತ, ಅದು ಅವರಿಗೆ ಯಂತ್ರದೊಡನೆ ದೊರೆಯಿತೆನ್ನುವುದೇ ಸರಿ.

ಹೀಗೆ ದೊರೆತದ್ದು ಕ್ರಮೇಣ ಕೈಗೆ ಒಗ್ಗುತ್ತದೆ. ಒಗ್ಗಿದ ಮೇಲೆ ಬಿಡುವುದು ಕಷ್ಟ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾವನ್ನು ಬದಿಗಿಟ್ಟು ಬಹಳಷ್ಟು ಮಂದಿ 2001ರ ಎಕ್ಸ್‌ಪಿಯಲ್ಲಿಯೇ ಉಳಿದರು. 2012ರ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನು ತೆಗೆದುಹಾಕಿದಾಗ ಎದ್ದ ಅಸಮಾಧಾನಕ್ಕೆ ಮಣಿದು ಮರುವರ್ಷವೇ ಗುಂಡಿಯನ್ನು ಹಿಂದಕ್ಕೆ ತರಬೇಕಾಯಿತು. ಲಿನಕ್ಸ್ ಲೋಕದಲ್ಲಿಯೂ ಇದೇ ನಡೆಯಿತು: 2011ರಲ್ಲಿ ಗ್ನೋಮ್ ಎಂಬ ಪರದೆಯ ವಿನ್ಯಾಸ ಪೂರ್ತಿ ಬದಲಾದಾಗ, ಅದನ್ನೊಪ್ಪದವರು ಹಳೆಯ ಮಾದರಿಯನ್ನು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಈ ವಿರೋಧವನ್ನು ಜಡತೆಯೆಂದು ಹಳಿಯುವುದು ಸಲ್ಲದು. ವರ್ಷಗಳ ಬಳಕೆಯಿಂದ ಬೆರಳುಗಳು ಕಲಿತ ವಿದ್ಯೆಯೊಂದು ಒಂದೇ ದಿನದಲ್ಲಿ ನಿಷ್ಪ್ರಯೋಜಕವಾದರೆ ಅಸಮಾಧಾನ ಸಹಜವೇ.

ಲಿನಕ್ಸ್‌ನ ಕತೆ ಈ ಮಾತನ್ನು ಇನ್ನೊಂದು ದಿಕ್ಕಿನಿಂದ ಸಮರ್ಥಿಸುತ್ತದೆ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ ಬೇಕೆಂದು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದರು. ಇವೆರಡರ ಕೂಡಿಕೆಯಿಂದ ಬೆಳೆದ ವ್ಯವಸ್ಥೆಗಳಲ್ಲಿ 2004ರ ಉಬುಂಟು ಪ್ರಸಿದ್ಧವಾದುದು. ಇಂದು ಅಂತರಜಾಲದ ಸರ್ವರುಗಳಲ್ಲಿ ಬಹುಪಾಲು ಲಿನಕ್ಸ್‌ನವು; ಆಂಡ್ರಾಯ್ಡ್ ಫೋನುಗಳ ತಿರುಳೂ ಅದೇ. ಆದರೂ ಮೇಜಿನ ಗಣಕಗಳಲ್ಲಿ ಅದರ ಪಾಲು ಚಿಕ್ಕದು. ಅಂಗಡಿಯಿಂದ ಬರುವ ಯಂತ್ರದಲ್ಲಿ ಅದು ಇರುವುದು ಅಪರೂಪ.

ಇದಕ್ಕೆ ಅಪವಾದವೊಂದು ಗಡಿನಾಡಾದ ಕಾಸರಗೋಡಿನಲ್ಲಿಯೇ ಇದೆ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯು ಈ ಶತಮಾನದ ಮೊದಲ ದಶಕದಲ್ಲಿ ಶಾಲೆಗಳ ಗಣಕ ಶಿಕ್ಷಣವನ್ನು ಸ್ವತಂತ್ರ ತಂತ್ರಾಂಶದ ಮೇಲೆ ನಿಲ್ಲಿಸಿತು. ಆ ಶಾಲೆಗಳಲ್ಲಿ ಕಲಿತ ಮಕ್ಕಳಿಗೆ ಗಣಕವೆಂದರೆ ಮೊದಲು ಕಂಡದ್ದು ಲಿನಕ್ಸ್. ಅವರ ಮಟ್ಟಿಗೆ ಹೊಸದಾಗಿ ಕಲಿಯಬೇಕಾದುದು ವಿಂಡೋಸ್. ಯಾವ ವ್ಯವಸ್ಥೆ ಸುಲಭ ಎಂಬ ಪ್ರಶ್ನೆಗೆ ಉತ್ತರ, ಬಹುಮಟ್ಟಿಗೆ, ಯಾವುದನ್ನು ಮೊದಲು ಕಲಿತಿರಿ ಎಂಬುದರಲ್ಲಿದೆ.

ಆದರೆ ಕನ್ನಡಿಗರನ್ನು ಒಂದು ವ್ಯವಸ್ಥೆಗೆ ಕಟ್ಟಿಹಾಕಿದ್ದು ಅಭ್ಯಾಸವೊಂದೇ ಅಲ್ಲ, ಅಕ್ಷರವೂ ಹೌದು. ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳನ್ನು ಪರದೆಯಲ್ಲಿ ಕಾಣಲು ಜಿಸ್ಟ್ ಎಂಬ ಪ್ರತ್ಯೇಕ ಕಾರ್ಡನ್ನು ಯಂತ್ರದೊಳಗೆ ಕೂರಿಸಬೇಕಾಗಿತ್ತು. ಅನಂತರ ವಿಂಡೋಸ್‌ಗಾಗಿ ಬರಹ, ನುಡಿಯಂಥ ತಂತ್ರಾಂಶಗಳು ಬಂದು ಕನ್ನಡದ ಬೆರಳಚ್ಚನ್ನು ಮನೆಮನೆಗೆ ತಲುಪಿಸಿದವು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ತುಂಬಿ ಕೆಲಸ ನಡೆಸುತ್ತಿದ್ದವು. ಕಣ್ಣಿಗೆ ಕಂಡದ್ದು ಕನ್ನಡ. ಯಂತ್ರ ಅರಿತದ್ದು ಇಂಗ್ಲಿಷ್ ಅಕ್ಷರ. ಆ ಫಾಂಟಿಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತಿತ್ತು. ಪದವನ್ನು ಹುಡುಕುವುದಾಗಲಿ ಅಕಾರಾದಿಯಾಗಿ ಜೋಡಿಸುವುದಾಗಲಿ ನೇರವಾಗಿ ಸಾಧ್ಯವಿರಲಿಲ್ಲ.

ಯೂನಿಕೋಡ್ ಈ ಗಂಟನ್ನು ಬಿಡಿಸಿತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನೆಲೆ ದೊರೆಯಿತು. ಇಲ್ಲಿ ಉಳಿಯುವುದು ಅಕ್ಷರದ ಆಕಾರವಲ್ಲ, ಅಕ್ಷರವೇ: ಕಕಾರ, ವಿರಾಮಚಿಹ್ನೆ, ಷಕಾರ ಎಂದು ಮೂರನ್ನು ಬರೆದಿಟ್ಟರೆ ಕ್ಷ ಎಂದು ಜೋಡಿಸಿ ತೋರುವ ಹೊಣೆ ಕಾರ್ಯಾಚರಣಾ ವ್ಯವಸ್ಥೆ ಹಾಗೂ ಫಾಂಟಿನದು. ವಿಂಡೋಸ್ ಈ ಹೊಣೆಯನ್ನು ಕನ್ನಡಕ್ಕಾಗಿ ಹೊತ್ತುದು ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಂದಿಗೆ. ಆಗಲೂ ಭಾರತೀಯ ಲಿಪಿಗಳ ಸೌಲಭ್ಯವನ್ನು ಬೇರೆಯಾಗಿ ಸ್ಥಾಪಿಸಿಕೊಳ್ಳಬೇಕಿತ್ತು. ಇಂದು ಯೂನಿಕೋಡಿನಲ್ಲಿ ಬರೆದ ಕನ್ನಡ ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನು ಎಲ್ಲೆಡೆಯೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ. ವ್ಯವಸ್ಥೆಯನ್ನು ನಿಜವಾಗಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಕನ್ನಡದ ಬರಹಗಾರನಿಗೆ ದೊರೆತದ್ದು ಹೀಗೆ.

ಈ ಸ್ವಾತಂತ್ರ್ಯವನ್ನು ಬಳಸುವ ಸಂದರ್ಭ ಈಗ ಒದಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು, ಹೊಸ ಸಂಸ್ಕಾರಕಗಳು ಸುಸ್ಥಿತಿಯಲ್ಲಿರುವ ಎಷ್ಟೋ ಹಳೆಯ ಯಂತ್ರಗಳಲ್ಲಿಲ್ಲ. ಅಂಥ ಯಂತ್ರವನ್ನು ಎಸೆಯದೆ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ದುಡಿಸಬಹುದು. ಆದರೆ ಯಂತ್ರವನ್ನು ಒರೆಸಿ ಹೊಸ ವ್ಯವಸ್ಥೆಯನ್ನು ಹೂಡುವ ಮೊದಲು, ಹಳೆಯ ಫಾಂಟುಗಳಲ್ಲಿರುವ ಪ್ರಬಂಧ, ಸ್ಮರಣಸಂಚಿಕೆ, ಪದಸಂಗ್ರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಬೇಕು. ಬರಹ, ನುಡಿ ತಂತ್ರಾಂಶಗಳಲ್ಲಿಯೇ ಇದಕ್ಕೆ ಸಾಧನಗಳಿವೆ. ಪರಿವರ್ತಿತ ಪ್ರತಿಯಲ್ಲಿ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಮೂಲದೊಂದಿಗೆ ಹೋಲಿಸಿ ಓದುವುದು ಅಗತ್ಯ. ಗಡಿನಾಡಿನ ಕನ್ನಡದ ದಾಖಲೆಗಳಿಗೆ ಎರಡನೆಯ ಪ್ರತಿ ಇರುವುದು ವಿರಳ. ಅವುಗಳನ್ನು ತೆರೆಯಬಲ್ಲ ಹಳೆಯ ಯಂತ್ರ ಓಡುತ್ತಿರುವಾಗಲೇ ಈ ಕೆಲಸ ಮುಗಿಯಬೇಕು.