ಬೇರಿಲ್ಲದ ಹಸುರು

ಮಳೆಗಾಲ ಮೊದಲಾಯಿತೆಂದರೆ ಕೊಳ್ಳೇಗಾಲ, ಯಳಂದೂರುಗಳ ಹಳೆಯ ಗೋಡೆಗಳ ಮೇಲೆ ಮಖಮಲ್ಲಿನಂಥ ಹಸುರು ಹೊದಿಕೆ ಮೂಡುತ್ತದೆ. ಜನರು ಅದನ್ನು ಪಾಚಿಯೆಂದು ಕರೆದು, ಕಾಲು ಜಾರದಂತೆ ದಾಟಿಹೋಗುತ್ತಾರೆ. ಭೂತಕನ್ನಡಿಯಲ್ಲಿ ನೋಡಿದರೆ, ಅದರಲ್ಲಿ ಪುಟ್ಟ ಕಾಂಡ, ಪುಟ್ಟ ಎಲೆಗಳುಳ್ಳ ಸಸಿಗಳು ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಇವೇ ಹಾವಸೆಗಳು. ಇವನ್ನೂ, ಇವುಗಳ ಬಂಧುಗಳಾದ ಲಿವರ್‌ವರ್ಟ್, ಹಾರ್ನ್‌ವರ್ಟ್‌ಗಳನ್ನೂ ಕೂಡಿಸಿ ಬ್ರಯೋಫೈಟುಗಳೆನ್ನುವರು. ಪ್ರಪಂಚದಲ್ಲಿ ಇವುಗಳ ಸುಮಾರು 20,000 ಪ್ರಭೇದಗಳುಂಟು.

ಇವುಗಳಿಗೆ ನಿಜವಾದ ಬೇರಿಲ್ಲ. ಮರಗಳಲ್ಲಿರುವಂಥ ಜಲನಾಳಗಳೂ ಇಲ್ಲ. ಹಾಗಾದರೆ ನೀರು ಮೇಲೇರುವುದು ಹೇಗೆ? ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ. 0.1 ಮಿ.ಮೀ. ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 30 ಸೆಂ.ಮೀ. ಏರಬಲ್ಲುದು. ಹಾವಸೆಯ ಎಲೆಗಳ ನಡುವಣ ಸಂದುಗಳು ಇಂಥ ಕೊಳವೆಗಳಂತೆ ವರ್ತಿಸುತ್ತವೆ, ಕೆಲವೇ ಸೆಂ.ಮೀ. ಎತ್ತರದ ಸಸಿಗೆ ಅಷ್ಟೇ ಧಾರಾಳ. ಎಲೆ ಬಹುಮಟ್ಟಿಗೆ ಒಂದೇ ಜೀವಕೋಶದಷ್ಟು ದಪ್ಪ. ಆದಕಾರಣ ನೀರು ಮೈಯೆಲ್ಲದರಿಂದಲೂ ಒಳಸೇರುತ್ತದೆ, ಅಷ್ಟೇ ಬೇಗ ಆರಿಯೂ ಹೋಗುತ್ತದೆ. ಸಂತಾನಕ್ಕೂ ನೀರೇ ಬೇಕು: ಗಂಡು ಜೀವಕೋಶವು ತೆಳುವಾದ ನೀರಿನ ಪೊರೆಯಲ್ಲಿ ಈಜಿ ಅಂಡವನ್ನು ಸೇರಬೇಕು.

ಹೀಗಿರುವುದರಿಂದ ಎಲ್ಲಿ ಎಷ್ಟು ತೇವವಿದೆಯೆಂಬುದನ್ನು ಹಾವಸೆಗಳಿಂದಲೇ ತಿಳಿಯಬಹುದು. ಯಳಂದೂರಿನ ಆಚೆಗೆ ಏಳುವ ಬಿಳಿಗಿರಿರಂಗನ ಬೆಟ್ಟಗಳು ಇದನ್ನು ಕಾಣಲು ತಕ್ಕ ಸ್ಥಳ. ತಪ್ಪಲಿನ ಕುರುಚಲು ಕಾಡಿನಿಂದ ಸುಮಾರು 1,800 ಮೀಟರ್ ಎತ್ತರದ ಶಿಖರಗಳವರೆಗೆ ಎಲೆಯುದುರುವ ಕಾಡು, ನಿತ್ಯಹರಿದ್ವರ್ಣದ ಶೋಲಾ, ಹುಲ್ಲುಗಾವಲುಗಳು ಒಂದಾದ ಮೇಲೊಂದು ಎದುರಾಗುತ್ತವೆ. ಹನೂರಿನ ಕಡೆಯ ಒಣ ಕಾಡುಗಳಂಥ ನೆಲೆಗಳಲ್ಲಿ ಬಂಡೆಯನ್ನು ಅಪ್ಪಿದ ಗಿಡ್ಡ ಹಾವಸೆಗಳೇ ಹೆಚ್ಚು. ಇವು ಬೇಸಗೆಯಲ್ಲಿ ಎಲೆ ಸುರುಟಿಕೊಂಡು ಸತ್ತಂತಿದ್ದು, ಮೊದಲ ಮಳೆಗೆ ಕೆಲವೇ ನಿಮಿಷಗಳಲ್ಲಿ ಅರಳುತ್ತವೆ. ತೊರೆಯಂಚಿನ ಒದ್ದೆ ನೆಲದಲ್ಲಿ ಲಿವರ್‌ವರ್ಟ್‌ಗಳು ಚಪ್ಪಟೆಯಾಗಿ ಹಬ್ಬುತ್ತವೆ. ಮಂಜು ಕವಿಯುವ ಶೋಲಾಗಳಲ್ಲಿ ಹಾವಸೆಗಳು ಕೊಂಬೆಗಳಿಂದ ಜಡೆಯಂತೆ ಇಳಿಬೀಳುತ್ತವೆ.

ಈ ಬೆಟ್ಟಗಳು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದುವು. ಹುಲಿಯಾದರೋ ನೆರಳು ಬತ್ತಿದ ಕಡೆಯಿಂದ ಬೇರೆಡೆಗೆ ನಡೆದುಹೋಗಬಲ್ಲುದು. ಹಾವಸೆಗೆ ಆ ಅನುಕೂಲವಿಲ್ಲ. ಒಂದು ದೊಡ್ಡ ಮರ ಉರುಳಿದರೆ ಬಿಸಿಲೂ ಗಾಳಿಯೂ ಒಳನುಗ್ಗಿ ಬಾಷ್ಪೀಭವನ ಹೆಚ್ಚುತ್ತದೆ. ಸುರುಟಿ ಕಾಯಲಾರದ ನೆರಳಿನ ಪ್ರಭೇದಗಳು ಮೊದಲು ಅಳಿಯುತ್ತವೆ. ಅವುಗಳೊಡನೆ, ಮಳೆನೀರನ್ನು ಹೀರಿಟ್ಟು ಮೆಲ್ಲಮೆಲ್ಲನೆ ಬಿಡುತ್ತಿದ್ದ ಮೆತ್ತೆಯೂ ಹೋಗುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಕಾಡಿನದನ್ನು ಮುಟ್ಟದೆ, ಮನೆಯ ಗೋಡೆಯ ಒಣ ಹಾವಸೆಯ ಚೂರೊಂದನ್ನು ತೂಗಿರಿ. ಹತ್ತು ನಿಮಿಷ ನೀರಿನಲ್ಲಿ ನೆನೆಸಿ ಮತ್ತೆ ತೂಗಿರಿ. ಹೆಚ್ಚಿದ ತೂಕವನ್ನು ಮನಸ್ಸಿನಲ್ಲೇ ಒಂದು ಬೆಟ್ಟದ ಅಳತೆಗೆ ಹಿಗ್ಗಿಸಿದರೆ, ಈ ಕಿರುಸಸ್ಯದ ಬೆಲೆ ಮನವರಿಕೆಯಾಗುವುದು.