ಅಲಮೇಲುಗೆ ಒಬ್ಬ ಗೆಳತಿ ಇದ್ದಿದ್ದರೆ?

ಚಳ್ಳಕೆರೆಯಲ್ಲಿ ಮೊಳಕಾಲ್ಮೂರು ಬಸ್ ಹತ್ತಿದರೆ ದಾರಿಯಲ್ಲೇ ತಳುಕು. ತ.ರಾ.ಸು. ಹೆಸರಿನ ‘ತ’ ಈ ಊರೇ! ಅವರ ಮೂರು ಕಾದಂಬರಿ ಕೂಡಿಸಿ ಪುಟ್ಟಣ್ಣ ಕಣಗಾಲ್ ತೆಗೆದದ್ದು 1972ರ ‘ನಾಗರಹಾವು’. ಮೂರರಲ್ಲಿ ಒಂದರ ಹೆಸರೇ ‘ಒಂದು ಗಂಡು ಎರಡು ಹೆಣ್ಣು’.

ಆ ಗಂಡು ರಾಮಾಚಾರಿ. ವಿಷ್ಣುವರ್ಧನ್‌ಗೆ ನಾವೆಲ್ಲ ಶಿಳ್ಳೆ ಹೊಡೆದವರೇ. ಆದರೆ ಆ ಎರಡು ಹೆಣ್ಣು? ಜಾತಿ ಅಡ್ಡ ಬಂತು. ಆರತಿಯ ಅಲಮೇಲು ಬೇರೆಯವನ ಕೈಹಿಡಿದು, ಕೊನೆಗೆ ಮೈ ಮಾರುವ ಗತಿಗೆ ಬಿದ್ದಳು. ಧರ್ಮ ಅಡ್ಡ ಬಂತು. ಶುಭಾಳ ಮಾರ್ಗರೆಟ್ ರಾಮಾಚಾರಿ ಜೊತೆ ಬೆಟ್ಟದಿಂದ ಹಾರಿದಳು.

ರಾಮಾಚಾರಿಗಾದರೆ ಅಶ್ವಥ್‌ರ ಚಾಮಯ್ಯ ಮೇಷ್ಟ್ರಿದ್ದರು, ಲೀಲಾವತಿಯ ತುಂಗಮ್ಮ ಇದ್ದರು. ನಾನು ಎಷ್ಟು ಸಲ ನೋಡಿದರೂ ಅಲಮೇಲು ಜೊತೆ ಕೊನೆತನಕ ನಿಂತ ಒಬ್ಬ ಗೆಳತಿ ಕಾಣಲಿಲ್ಲ. ಇದ್ದಿದ್ದರೆ ಆ ಹುಡುಗಿ ಉಳ್ಕೊಳ್ತಿದ್ದಳೇನೋ! ಮುಂದಿನ ಸಲ ಶಿಳ್ಳೆ ಹೊಡೆಯೋ ಮೊದಲು ನೋಡಿ ಗೆಳೆಯರೇ, ಅವಳು ಯಾರ ಹೆಗಲ ಮೇಲೆ ಅಳಬೇಕಿತ್ತು?